ಗುಡಿಯನ್ನು ಗುಂಡಿ ಮಾಡುವ ಧೂಳು

‘ಗುಡಿ’ ಎಂದು ಬರೆದು ನಡುವೆ ಒಂದು ಸೊನ್ನೆ ಇಟ್ಟರೆ ‘ಗುಂಡಿ’. ಮಡಿ ಮಂಡಿಯಾಗುತ್ತದೆ, ಬಡಿ ಬಂಡಿಯಾಗುತ್ತದೆ. ಶಾಲೆಯಲ್ಲಿ ಇದು ನಗುವ ವಿಷಯ. ಶಾಸನ ಓದುವವರಿಗೆ ಹಾಗಲ್ಲ. ಕಲ್ಲಿನ ಮೇಲೆ ಕಂಡ ಚುಕ್ಕೆ ಅಕ್ಷರದ ಸೊನ್ನೆಯೋ, ಚಕ್ಕೆ ಎದ್ದು ಬಿದ್ದ ಕುಳಿಯೋ ಎಂದು ತೀರ್ಮಾನಿಸದೆ ಅವರು ಮುಂದಿನ ಪದಕ್ಕೆ ಹೋಗುವಂತಿಲ್ಲ. ಕಲ್ಲು ಎದುರಿಗೇ ಇದ್ದರೆ ಬೆರಳಾಡಿಸಿ ನೋಡಬಹುದು. ಫೋಟೊ ನೋಡಿ ಓದುವಾಗ ಇನ್ನೊಂದು ಅನುಮಾನವೂ ಸೇರಿಕೊಳ್ಳುತ್ತದೆ: ಈ ಚುಕ್ಕೆ ಕಲ್ಲಿನದೋ, ಕ್ಯಾಮೆರಾದ ಒಳಗಿನ ಧೂಳಿನದೋ?

ಈ ಅನುಮಾನ ನಮ್ಮ ಸೀಮೆಗೆ ಹೊಸತಲ್ಲ. ಬೌರಿಂಗ್ ಮೈಸೂರಿನ ಕಮಿಷನರ್ ಆಗಿದ್ದ ಕಾಲದಲ್ಲಿ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ಇಲ್ಲಿನ ಶಾಸನಗಳ ಫೋಟೊ ತೆಗೆದರು. 150 ಫೋಟೊಗಳ ಆ ಸಂಗ್ರಹ 1865ರಲ್ಲಿ ಹೊರಬಂತು. ಹೊನ್ನಾಳಿಯಿಂದ ಹೊಳೆಗುಂಟ ಕೆಳಕ್ಕೆ ಹೋದರೆ ಸಿಗುವ ಹರಿಹರ, ಪಕ್ಕದ ಚಿತ್ರದುರ್ಗ, ಆಚೆಯ ಬಳ್ಳಿಗಾವಿ, ಈ ಊರುಗಳ ಕಲ್ಲುಗಳು ಅದರಲ್ಲಿವೆ. ಮುಂದೆ ಬಿ.ಎಲ್. ರೈಸ್ 1879ರಲ್ಲಿ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ ಎಂಬ ಅನುವಾದದ ಪುಸ್ತಕ ತಂದಾಗ ಬಹಳ ಮಟ್ಟಿಗೆ ಆಧಾರವಾಗಿದ್ದು ಈ ಫೋಟೊಗಳೇ. ಅಂದರೆ ಕನ್ನಡ ಶಾಸನಗಳ ಓದು ದೊಡ್ಡ ಪ್ರಮಾಣದಲ್ಲಿ ಶುರುವಾದ ಹೊತ್ತಿಗೇ ಕಲ್ಲಿಗೂ ಓದುಗನಿಗೂ ನಡುವೆ ಒಂದು ಕ್ಯಾಮೆರಾ ಬಂದು ನಿಂತಿತ್ತು.

ಆಗ ಹೆಚ್ಚು ಬಳಕೆಯಲ್ಲಿದ್ದುದು ಒದ್ದೆ ಗಾಜಿನ ಪ್ಲೇಟು. 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ವಿಧಾನ ಅದು. ಗಾಜಿನ ಮೇಲೆ ಕಲೋಡಿಯನ್ ಎಂಬ ಅಂಟು ದ್ರವ ಹರಡಿ, ಬೆಳ್ಳಿ ಲವಣದ ನೀರಿನಲ್ಲಿ ಅದ್ದಿ, ಒಣಗುವ ಮೊದಲೇ ಫೋಟೊ ತೆಗೆದು, ಒಣಗುವ ಮೊದಲೇ ತೊಳೆಯಬೇಕು. ಬಯಲಲ್ಲಿ ಕೆಲಸವಾದರೆ ಕತ್ತಲೆ ಕೋಣೆ ಎಂದರೆ ಒಂದು ಗುಡಾರ. ಅಂಟಂಟಾದ ಗಾಜು, ಸುತ್ತ ಬೇಸಿಗೆ ಗಾಳಿ. ಧೂಳು ಕೂರದೆ ಇನ್ನೇನು? ಕೂತ ಕಣ ಸುಮ್ಮನೆ ಚುಕ್ಕೆಯಾಗುತ್ತಿರಲಿಲ್ಲ, ಕೆಲವೊಮ್ಮೆ ಹಿಂದೆ ಬಾಲ ಬಿಟ್ಟು ಹರಿಯುತ್ತಿತ್ತು. ಆ ದೋಷಕ್ಕೆ ಅಂದಿನ ಫೋಟೊಗ್ರಾಫರುಗಳು ಇಟ್ಟ ಹೆಸರು ‘ಕಾಮೆಟ್’, ಅಂದರೆ ಧೂಮಕೇತು.

ಧೂಳು ಎಲ್ಲಿ ಕೂತಿತು ಎನ್ನುವುದರ ಮೇಲೆ ಚುಕ್ಕೆಯ ಬಣ್ಣವೂ ಬದಲಾಗುತ್ತಿತ್ತು. ಫೋಟೊ ತೆಗೆಯುವ ಮುಂಚೆ ಪ್ಲೇಟಿನ ಮೇಲೆ ಕೂತಿದ್ದರೆ ಆ ಜಾಗಕ್ಕೆ ಬೆಳಕು ಬೀಳದೆ ಪ್ರಿಂಟಿನಲ್ಲಿ ಕಪ್ಪು ಚುಕ್ಕೆ. ತೊಳೆದು ಮುಗಿದ ನೆಗೆಟಿವ್ ಮೇಲೆ ಕೂತಿದ್ದರೆ ಪ್ರಿಂಟಿನಲ್ಲಿ ಬಿಳಿ ಚುಕ್ಕೆ. ಹಳೆಯ ಫೋಟೊ ಕೈಗೆ ಸಿಕ್ಕಾಗ ಇದೊಂದು ತಿಳಿದಿದ್ದರೂ ಸಾಕು, ಎಷ್ಟೋ ಚುಕ್ಕೆಗಳ ಹುಟ್ಟೂರು ಗೊತ್ತಾಗುತ್ತದೆ.

ರೈಸ್ ಆಮೇಲೆ ಊರೂರಿನ ಶಾಸನ ಸಂಗ್ರಹಿಸುವ ದೊಡ್ಡ ಕೆಲಸ ಮಾಡಿಸಿದರು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೆಯ ಸಂಪುಟದಲ್ಲಿ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳಿವೆ. ನ್ಯಾಮತಿ ಆಗ ಹೊನ್ನಾಳಿಯೊಳಗೇ ಇತ್ತು. ಜಗಳೂರು 11ನೆಯ ಸಂಪುಟದಲ್ಲಿದೆ. ಒಂದು ಶಿವಮೊಗ್ಗ ಜಿಲ್ಲೆಯ ಸಂಪುಟ, ಇನ್ನೊಂದು ಚಿತ್ರದುರ್ಗದ್ದು. ನಮ್ಮ ತಾಲ್ಲೂಕುಗಳೆಲ್ಲ ದಾವಣಗೆರೆ ಜಿಲ್ಲೆಗೆ ಸೇರಿದ್ದು 1997ರಲ್ಲಿ. ಹಾಗಾಗಿ ನಿಮ್ಮೂರ ಕಲ್ಲನ್ನು ಹುಡುಕುವಾಗ ಹಳೆಯ ಜಿಲ್ಲೆಯ ಹೆಸರಿನಲ್ಲಿ ಹುಡುಕಿ.

ಈ ಹಂತದಲ್ಲಿ ಫೋಟೊಗಿಂತ ಹೆಚ್ಚು ನಂಬಿಕೆ ಇದ್ದುದು ಅಚ್ಚಿನ ಮೇಲೆ. ಕಲ್ಲನ್ನು ಬ್ರಷ್‌ನಿಂದ ಉಜ್ಜಿ ತೊಳೆದು, ಒದ್ದೆ ಕಾಗದ ಅಂಟಿಸಿ, ಅಕ್ಷರದ ಕುಳಿಯೊಳಗೆ ಇಳಿಯುವಂತೆ ಬಡಿದು, ಮೇಲೆ ಮಸಿ ಒತ್ತುವುದು. ಇಂದಿಗೂ ಶಾಸನತಜ್ಞರು ಮಾಡುವುದು ಹೀಗೆಯೇ. ಇಲ್ಲೂ ಮೊದಲ ಕೆಲಸ ಧೂಳು ತೆಗೆಯುವುದೇ. ಕಾಗದದಡಿ ಮರಳಿನ ಕಾಳೊಂದು ಉಳಿದರೆ ಅದೂ ಅಚ್ಚಿನಲ್ಲಿ ತನ್ನ ಗುರುತು ಬಿಡುತ್ತದೆ. ಆದರೆ ಒಂದು ವಿಷಯ ಗಮನಿಸಿ. ಒದ್ದೆ ಪ್ಲೇಟಾಗಲಿ ಅಚ್ಚಿನ ಕಾಗದವಾಗಲಿ, ಪ್ರತಿ ಸಲವೂ ಹೊಸತು. ಇವತ್ತಿನ ಕಾಗದದಡಿಯ ಮರಳು ನಾಳಿನ ಕಾಗದಕ್ಕೆ ಹೋಗುವುದಿಲ್ಲ.

ಫಿಲಂ ರೋಲಿನ ಕಾಲದಲ್ಲೂ ಇದೇ ಲೆಕ್ಕ ನಡೆಯಿತು. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಕ್ಯಾಮೆರಾದಲ್ಲಿ ರೋಲಿಗೆ 12 ಫೋಟೊ, ಆಮೇಲಿನ ಕ್ಯಾಮೆರಾಗಳಲ್ಲಿ 36. ಪ್ರತಿ ಕ್ಲಿಕ್ ಆದಮೇಲೆ ಫಿಲಂ ಮುಂದಕ್ಕೆ ಸರಿದು ಹೊಸ ಮೈ ಒಡ್ಡುತ್ತಿತ್ತು. ಕೂತ ಧೂಳೂ ಅದರ ಜೊತೆಗೆ ಸರಿದುಹೋಗುತ್ತಿತ್ತು. ಒಂದು ಫೋಟೊ ಕೆಟ್ಟರೂ ಪಕ್ಕದ್ದು ಉಳಿಯುತ್ತಿತ್ತು. ಪ್ರಿಂಟಿನಲ್ಲಿ ಬಿಳಿ ಚುಕ್ಕೆ ಬಂದರೆ ಸ್ಟುಡಿಯೊದವರು ಸಣ್ಣ ಬ್ರಷ್‌ನ ತುದಿಗೆ ಮಸಿ ತಾಗಿಸಿ ತುಂಬುತ್ತಿದ್ದರು. ಅದಕ್ಕೆ ಟಚಿಂಗ್ ಎಂದು ಹೆಸರು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ಪೇಪರಿನ ಮೇಲೆ ಹೀಗೆ ಟಚ್ ಮಾಡಿದ ಮದುವೆ ಫೋಟೊಗಳು ಎಷ್ಟೋ ಮನೆಯ ಗೋಡೆಗಳ ಮೇಲೆ ಇನ್ನೂ ಇವೆ. ಬೆಳಕಿಗೆ ಓರೆ ಹಿಡಿದು ನೋಡಿ, ಮಸಿ ಇಟ್ಟ ಜಾಗ ಬೇರೆಯಾಗಿ ಹೊಳೆಯುತ್ತದೆ.

ಈ ಲೆಕ್ಕ ತಪ್ಪಿದ್ದು ಸೆನ್ಸರ್ ಬಂದಮೇಲೆ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಿಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ರೂಪಿಸಿದರು. ಅದಕ್ಕೆ 2009ರಲ್ಲಿ ನೊಬೆಲ್ ಬಂತು. 1999ರ ನಿಕಾನ್ ಡಿ1ರ ನಂತರ ಪತ್ರಿಕೆಗಳು, ಆಮೇಲೆ ಸ್ಟುಡಿಯೊಗಳು ಡಿಜಿಟಲ್‌ಗೆ ತಿರುಗಿದವು. ಸೆನ್ಸರ್‌ಗೆ ಇರುವುದು ಒಂದೇ ಮೈ. ಲಕ್ಷ ಫೋಟೊ ತೆಗೆದರೂ ಬೆಳಕು ಬೀಳುವುದು ಅದೇ ಜಾಗಕ್ಕೆ. ಲೆನ್ಸ್ ಬದಲಿಸುವಾಗ ಒಳಗೆ ಹೋದ ಒಂದು ಕಣ ಅಲ್ಲೇ ಕೂತರೆ ಅವತ್ತಿನ ಎಲ್ಲ ಫೋಟೊಗಳಲ್ಲೂ ಅದೇ ಜಾಗದಲ್ಲಿ ಚುಕ್ಕೆ. ನಮ್ಮ ಪ್ರಕಾರ ಧೂಳಿನ ಇತಿಹಾಸದಲ್ಲಿ ಆದ ಅತಿ ದೊಡ್ಡ ಬದಲಾವಣೆ ಇದೇ. ಮೊದಲು ಧೂಳು ಒಂದು ಫೋಟೊ ಕೆಡಿಸುತ್ತಿತ್ತು, ಈಗ ಒಂದು ದಿನ ಕೆಡಿಸುತ್ತದೆ.

ಕಣ ಎಷ್ಟು ದೊಡ್ಡದಿರಬೇಕು? ಸಾಮಾನ್ಯವಾದ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಸೆನ್ಸರ್ ಅಗಲ ಸುಮಾರು 23.5 ಮಿಲಿಮೀಟರ್. ಅಷ್ಟರಲ್ಲೇ ಅಡ್ಡಕ್ಕೆ 6000 ಪಿಕ್ಸೆಲ್. ತಲೆಗೂದಲಿನ ದಪ್ಪದಷ್ಟು ಜಾಗದಲ್ಲಿ ಹತ್ತು ಹದಿನೈದು ಪಿಕ್ಸೆಲ್ ಕೂರುತ್ತವೆ. ಕಣ್ಣಿಗೆ ಕಾಣದ ಕಣವೂ ಸಾಕು.

ಕಂಪನಿಗಳೂ ಇದನ್ನು ಬೇಗ ಅರಿತವು. 2003ರಲ್ಲಿ ಒಲಿಂಪಸ್ ಇ-1 ಕ್ಯಾಮೆರಾದಲ್ಲಿ ಸೆನ್ಸರ್ ಮುಂದಿನ ಗಾಜನ್ನೇ ಅತಿ ವೇಗವಾಗಿ ನಡುಗಿಸಿ ಧೂಳು ಉದುರಿಸುವ ವ್ಯವಸ್ಥೆ ಬಂತು. ಮೊರದಲ್ಲಿ ಕೇರಿದ ಹಾಗೆ ಅನ್ನಿ. ಕ್ಯಾನನ್ 2006ರಲ್ಲಿ ಇಒಎಸ್ 400ಡಿ ಜೊತೆ ಇಂಥದ್ದನ್ನೇ ತಂದಿತು. ಹಾಗಂತ ಸಮಸ್ಯೆ ತೀರಲಿಲ್ಲ. 2012ರ ನಿಕಾನ್ ಡಿ600ರ ಫೋಟೊಗಳಲ್ಲಿ ಕಪ್ಪು ಚುಕ್ಕೆ ಬರುತ್ತಿವೆ ಎಂಬ ದೂರು ಬೆಳೆದು, 2014ರಲ್ಲಿ ಕಂಪನಿ ವಾರಂಟಿ ಮುಗಿದ ಕ್ಯಾಮೆರಾಗಳನ್ನೂ ಉಚಿತವಾಗಿ ಸರಿಮಾಡಿಕೊಡುವುದಾಗಿ ಹೇಳಬೇಕಾಯಿತು.

ಈಗ ನಮ್ಮ ಕಡೆಗೆ ಬನ್ನಿ. ಜಗಳೂರಿನಲ್ಲಿ ಮೆಕ್ಕೆಜೋಳ ಬಿಡಿಸುವ ಮಷಿನ್ ಓಡುವಾಗ ರಸ್ತೆಯೇ ಮಸುಕು. ಹೊನ್ನಾಳಿ ಕಡೆ ಭತ್ತದ ಕೊಯ್ಲಿನ ಹೊಟ್ಟು. ಚನ್ನಗಿರಿಯಲ್ಲಿ ಅಡಿಕೆ ಸುಲಿದು ಬೇಯಿಸುವ ಕಾಲಕ್ಕೆ ಹೊಗೆಯೂ ಸೇರುತ್ತದೆ. ಫೆಬ್ರುವರಿಯಲ್ಲಿ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಸೇವಾಲಾಲ್ ಜಯಂತಿಗೆ ಜನ ನಡೆದು ಬರುವಾಗ ಏಳುವ ಧೂಳನ್ನು ಅಲ್ಲಿಗೆ ಹೋದವರಿಗೆ ಹೇಳಬೇಕಿಲ್ಲ. ರಂಗಯ್ಯನದುರ್ಗದ ಕುರುಚಲು ಕಾಡಿಗೆ ಕೊಂಡುಕುರಿಯ ಫೋಟೊ ತೆಗೆಯಲು ಹೋಗುವವರು ಜೀಪಿನಲ್ಲೇ ಲೆನ್ಸ್ ಬದಲಿಸುತ್ತಾರೆ. ಕ್ಯಾಮೆರಾ ಬಾಯಿ ತೆರೆಯಲು ಇದಕ್ಕಿಂತ ಕೆಟ್ಟ ಜಾಗ ಸಿಗಲಿಕ್ಕಿಲ್ಲ.

ಇದರಲ್ಲೊಂದು ಮೋಸವೂ ಇದೆ. ಛತ್ರದೊಳಗೆ ಮದುವೆ ಫೋಟೊ ತೆಗೆಯುವಾಗ ಬೆಳಕು ಸಾಲದೆ ಅಪರ್ಚರ್ ಅಗಲವಾಗಿ ತೆರೆದಿರುತ್ತೇವೆ, ಎಫ್ 2.8 ಹೀಗೆ. ಬೆಳಕು ಅಗಲದಿಂದ ಬಂದಾಗ ಕಣದ ನೆರಳು ಕರಗುತ್ತದೆ, ಮೋಡ ಕವಿದ ದಿನ ನಮ್ಮ ನೆರಳು ಕಾಣದ ಹಾಗೆ. ಮರುದಿನ ಅದೇ ಜೋಡಿಯನ್ನು ಸಂತೇಬೆನ್ನೂರಿನ ಪುಷ್ಕರಣಿಗೋ ಸೂಳೆಕೆರೆಯ ದಂಡೆಗೋ ಕರೆದುಕೊಂಡು ಹೋಗಿ ಬಿಸಿಲಲ್ಲಿ ಎಫ್ 16 ಇಟ್ಟರೆ ಬೆಳಕು ಸಣ್ಣ ತೂತಿನಿಂದ ಬರುತ್ತದೆ, ನೆರಳು ಗಟ್ಟಿಯಾಗುತ್ತದೆ. ನೀಲಿ ಆಕಾಶದ ತುಂಬ ಚುಕ್ಕೆ. ಧೂಳು ನಿನ್ನೆಯೂ ಇತ್ತು, ಇವತ್ತು ಕಂಡಿತು ಅಷ್ಟೆ.

ಪರೀಕ್ಷೆಯ ಗುಟ್ಟೂ ಅದರಲ್ಲೇ ಇದೆ. ಧೂಳಿಗೆ ಅಡಗಲು ಜಾಗ ಕೊಡಬಾರದು. ಸುಣ್ಣ ಬಳಿದ ಗೋಡೆ ಅಥವಾ ಬರಿಯ ಆಕಾಶದ ಕಡೆ ಕ್ಯಾಮೆರಾ ತಿರುಗಿಸಿ (ಸೂರ್ಯ ಬೇಡ), ಐಎಸ್‌ಒ 100, ಅಪರ್ಚರ್ ಎಫ್ 22 ಇಡಿ. ಫೋಕಸ್ ಕೈಯಿಂದ ಕೆಡಿಸಿ. ಸ್ವಲ್ಪ ಹೆಚ್ಚು ಬೆಳಕು ಕೊಟ್ಟು, ಕ್ಲಿಕ್ ಮಾಡುವಾಗ ಕ್ಯಾಮೆರಾವನ್ನು ಮೆಲ್ಲಗೆ ಆಡಿಸಿ. ಗೋಡೆಯ ಕಲೆ ಅಲುಗಿ ಅಳಿಸಿಹೋಗುತ್ತದೆ, ಕ್ಯಾಮೆರಾ ಜೊತೆಗೇ ಅಲುಗುವ ಧೂಳು ಮಾತ್ರ ನಿಲ್ಲುತ್ತದೆ. ಫೋಟೊ ಹಿಗ್ಗಿಸಿ ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡುತ್ತ ಬನ್ನಿ. ಆಮೇಲೆ ಗೋಡೆಯ ಬೇರೆ ಕಡೆ ಇನ್ನೊಂದು ಫೋಟೊ. ಚುಕ್ಕೆ ಎರಡರಲ್ಲೂ ಅದೇ ಜಾಗದಲ್ಲಿದ್ದರೆ ಸೆನ್ಸರ್ ಮುಂದಿನ ಗಾಜಿನ ಮೇಲಿದೆ ಎಂದೇ ತಿಳಿಯಿರಿ. ಲೆನ್ಸ್ ಕಳಚಿ ಎದುರಿನಿಂದ ನೋಡುವಾಗ ಮೇಲು ಕೆಳಗಾಗಿರುತ್ತದೆ: ಫೋಟೊದ ಮೇಲ್ಭಾಗದ ಚುಕ್ಕೆ ಸೆನ್ಸರ್‌ನ ಕೆಳಭಾಗದ ಧೂಳು. ಎಡ ಬಲ ಬದಲಾಗುವುದಿಲ್ಲ.

ಖಗೋಳ ವಿಜ್ಞಾನಿಗಳೂ ಮಾಡುವುದು ಹೆಚ್ಚುಕಡಿಮೆ ಇದನ್ನೇ. ಲಡಾಖ್‌ನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ಇಂಥ ದೂರದರ್ಶಕಗಳಲ್ಲಿ ನಕ್ಷತ್ರ ಮೂಡುವ ಮುನ್ನ ಮುಸ್ಸಂಜೆಯ ಖಾಲಿ ಆಕಾಶದ ಚಿತ್ರ ತೆಗೆದಿಟ್ಟುಕೊಳ್ಳುವುದು ವಾಡಿಕೆ. ಅದರಲ್ಲಿ ಕಂಡ ಧೂಳಿನ ನೆರಳನ್ನು ರಾತ್ರಿಯ ಚಿತ್ರಗಳಿಂದ ಲೆಕ್ಕ ಹಾಕಿ ಕಳೆಯುತ್ತಾರೆ.

ಧೂಳು ಸಿಕ್ಕಿದರೆ ಮೊದಲು ಕ್ಯಾಮೆರಾ ಮೆನುವಿನ ಸೆನ್ಸರ್ ಕ್ಲೀನಿಂಗ್ ಒತ್ತಿ. ಹೋಗದಿದ್ದರೆ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಕ್ಯಾಮೆರಾ ಬಾಯಿ ಕೆಳಗೆ ಮಾಡಿ ರಬ್ಬರ್ ಬ್ಲೋವರ್‌ನಿಂದ ಗಾಳಿ ಹಾಕಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಪಂಕ್ಚರ್ ಅಂಗಡಿಯ ಗಾಳಿ ಬೇಡವೇ ಬೇಡ, ಅದರಲ್ಲಿ ಎಣ್ಣೆ, ನೀರು ಎರಡೂ ಇರುತ್ತವೆ. ಅದಕ್ಕೂ ಜಗ್ಗದಿದ್ದರೆ ಕೆಲಸ ಬಲ್ಲವರ ಕೈಗೆ ಕೊಡಿ. ಫೋನಿನಲ್ಲಿ ಲೆನ್ಸ್ ಕಳಚುವ ಮಾತೇ ಇಲ್ಲ, ಹೊರಗಿನ ಗಾಜು ಒರೆಸಿದರೆ ಬಹುತೇಕ ಸಾಕು.

ನಮ್ಮ ಗುಂಪಿನವರು ಈಗ ಊರೂರಿನ ವೀರಗಲ್ಲು, ಶಾಸನಗಳ ಫೋಟೊ ತೆಗೆದಿಡುತ್ತಿದ್ದೇವೆ. ಕೆಲವು ಕಲ್ಲುಗಳು ಹೊಲದ ಬದುವಿನಲ್ಲಿವೆ, ಕೆಲವಕ್ಕೆ ಗುಡಿ ಜೀರ್ಣೋದ್ಧಾರದಲ್ಲಿ ಬಣ್ಣ ಬಳಿದಿದ್ದಾರೆ, ಕೆಲವು ರಸ್ತೆ ಅಗಲ ಮಾಡುವಾಗ ಎತ್ತಿಟ್ಟ ಜಾಗದಿಂದ ಎಲ್ಲಿಗೋ ಹೋಗುತ್ತವೆ. ಮುಂದೆ ಓದುವವರಿಗೆ ಕಲ್ಲು ಸಿಗದೆ ಫೋಟೊ ಮಾತ್ರ ಸಿಗಬಹುದು. ಅದಕ್ಕೇ ಹೊರಡುವ ಮುನ್ನ ಒಂದು, ವಾಪಸ್ ಬಂದಮೇಲೆ ಒಂದು, ಸುಣ್ಣದ ಗೋಡೆಯ ಎರಡು ಫೋಟೊ ತೆಗೆದು ಅವತ್ತಿನ ಫೋಲ್ಡರ್‌ನಲ್ಲೇ ಬಿಡುತ್ತೇವೆ. ಅಳಿಸುವುದಿಲ್ಲ. ಒಂದೇ ಕಲ್ಲನ್ನು ಕ್ಯಾಮೆರಾ ಸ್ವಲ್ಪ ಪಕ್ಕಕ್ಕೆ ಸರಿಸಿ ಎರಡು ಸಲ ತೆಗೆಯುತ್ತೇವೆ. ಕಲ್ಲಿನ ಸೊನ್ನೆಯಾದರೆ ಅಕ್ಷರದ ಜೊತೆಗೇ ಸರಿಯುತ್ತದೆ. ಧೂಳಾದರೆ ಅಕ್ಷರ ಸರಿದರೂ ತಾನಿದ್ದಲ್ಲೇ ಇರುತ್ತದೆ.