ಕ್ಷಯರೋಗದಲ್ಲಿ ಪ್ರತಿಕಾಯಗಳ ಪಾತ್ರ

ಪ್ರತಿಕಾಯಗಳು ರಕ್ತದ ಬಿ ಕೋಶಗಳಿಂದ ಹುಟ್ಟುವ ರಕ್ಷಕ ಪ್ರೋಟೀನುಗಳು. ಕ್ಷಯದ ಬ್ಯಾಕ್ಟೀರಿಯಾ ಶ್ವಾಸಕೋಶದ ಭಕ್ಷಕ ಕೋಶಗಳ ಒಳಗೇ ಅಡಗಿ ಬದುಕುವುದರಿಂದ ಪ್ರತಿಕಾಯಗಳಿಗೆ ಅದು ಸುಲಭವಾಗಿ ಸಿಗದು. ಹಾಗಾಗಿ ರಕ್ಷಣೆಯ ಭಾರವೆಲ್ಲ ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳದೇ ಎಂದು ಬಹುಕಾಲ ನಂಬಲಾಗಿತ್ತು. ಎಚ್‌ಐವಿಯಿಂದ ಟಿ ಕೋಶಗಳು ಕುಗ್ಗಿದವರಲ್ಲಿ ಕ್ಷಯ ಉಲ್ಬಣಿಸುವುದು ಇದಕ್ಕೆ ಬಲವಾದ ಸಾಕ್ಷ್ಯ. 2016ರ ಒಂದು ಅಧ್ಯಯನ ಈ ನಂಬಿಕೆಯನ್ನು ತುಸು ಸಡಿಲಿಸಿತು. ಸುಪ್ತ ಸೋಂಕಿನವರ (ಸೋಂಕಿದ್ದೂ ರೋಗ ಕಾಣಿಸಿಕೊಳ್ಳದವರ) ಪ್ರತಿಕಾಯಗಳಿಗೆ ಅಂಟಿದ ಸಕ್ಕರೆ ಅಣುಗಳ ವಿನ್ಯಾಸ ರೋಗಿಗಳಲ್ಲಿ ಇರುವಂತಿರಲಿಲ್ಲ. ಪ್ರಯೋಗಾಲಯದಲ್ಲಿ ಸುಪ್ತ ಸೋಂಕಿನವರ ಪ್ರತಿಕಾಯಗಳು ಭಕ್ಷಕ ಕೋಶಗಳನ್ನು ಚುರುಕುಗೊಳಿಸಿ, ಒಳಗಿನ ಬ್ಯಾಕ್ಟೀರಿಯಾವನ್ನು ಕೊಲ್ಲಲು ನೆರವಾದವು. ಇದರಿಂದ ಲಸಿಕೆ ಸಂಶೋಧಕರ ಆಸಕ್ತಿ ಹೆಚ್ಚಿದೆ.

ರೋಗಪತ್ತೆಯ ಕಥೆಯೇ ಬೇರೆ. ಪ್ರತಿಕಾಯ ಹುಡುಕುವ ರಕ್ತಪರೀಕ್ಷೆಗಳು ರೋಗವಿಲ್ಲದವರಿಗೆ ರೋಗವಿದೆಯೆಂದೂ ಇದ್ದವರಿಗೆ ಇಲ್ಲವೆಂದೂ ಹೇಳುತ್ತಿದ್ದವು. ಆದರೂ ಖಾಸಗಿ ಲ್ಯಾಬುಗಳಲ್ಲಿ ಭರ್ಜರಿಯಾಗಿ ನಡೆದವು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವನ್ನು ಬಳಸಬೇಡಿ ಎಂದಿತು. 2012ರಲ್ಲಿ ಭಾರತ ಸರಕಾರ ನಿಷೇಧಿಸಿತು.  ಶ್ವಾಸಕೋಶದ ಕ್ಷಯ ಖಚಿತಪಡಿಸಲು ಪರೀಕ್ಷಿಸಬೇಕಾದುದು ಕಫವನ್ನು.