ಗುಂಡ ಯಾವ ಕಾಲೇಜಲ್ಲಿ ಓದಿದ?

ಇವತ್ತು ಪಟ್ಟದಕಲ್ಲಿಗೆ ಹೋಗೋಣ, 8ನೇ ಶತಮಾನಕ್ಕೆ. ಎರಡನೇ ವಿಕ್ರಮಾದಿತ್ಯ ಮೂರು ಸಲ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ವಿರೂಪಾಕ್ಷ ಗುಡಿ. ಸೂತ್ರಧಾರಿ ಗುಂಡ; ಶಾಸನದಲ್ಲಿ ಅವನಿಗೆ ‘ಅನಿವಾರಿತಾಚಾರಿ’ ಅನ್ನೋ ಬಿರುದು.

ಗುಡಿಯಲ್ಲಿ ಕಂಚಿಯ ಕೈಲಾಸನಾಥನ ಛಾಯೆ ಇದೆ, ಆದ್ರೆ ಕಲ್ಲು ಮಲಪ್ರಭೆ ಸೀಮೆಯ ಮರಳುಗಲ್ಲು. ಹತ್ತಿರದ ಗಳಗನಾಥಕ್ಕೆ ನಾಗರ ಶಿಖರ. ಪಾಪನಾಥದಲ್ಲಂತೂ ನಾಗರ, ದ್ರಾವಿಡ ಎರಡೂ ಒಂದೇ ಕಟ್ಟಡದಲ್ಲಿ! ಕಟ್ಟಿಸೋರ ಬೇಡಿಕೆ ಬದಲಾದಂಗೆ ಕೈಗಳೂ ಹೊಸದು ಕಲಿತವು, ಬಹುಶಃ ಕೆಲಸದ ಜಾಗದಲ್ಲೇ.

ಈಗ? ಇಂಟರ್ನ್‌ಶಿಪ್ ಅನ್ನೋದು ಎಷ್ಟೋ ಕಡೆ ಕೊನೇ ವರ್ಷದ ಸರ್ಟಿಫಿಕೇಟ್ ಅಷ್ಟೇ. ನನ್ನ ಕೇಳಿದ್ರೆ, ಸಿವಿಲ್ ಓದೋರನ್ನ ಮೊದಲ ಸೆಮಿಸ್ಟರಲ್ಲೇ ಸೈಟಿಗೆ ಕಳಿಸ್ಬೇಕು.

ಅಂದಹಾಗೆ, ಸರ್ವಸಿದ್ಧಿ ಆಚಾರಿಯ ಹೆಸರೂ ಶಾಸನದಲ್ಲಿದೆ. ಹೋದಾಗ ಹುಡುಕಿ.