ಆಗಮಡಂಬರವೂ ಜಯಂತಭಟ್ಟನ ಶಿಷ್ಯರೂ

ನ್ಯಾಯಮಂಜರಿಯ ಕರ್ತೃವಾದ ಜಯಂತಭಟ್ಟನು ರೂಪಕವೊಂದನ್ನೂ ರಚಿಸಿದನೆಂಬ ಸಂಗತಿ ತರ್ಕಶಾಸ್ತ್ರವನ್ನು ಓದಿದವರಲ್ಲಿಯೂ ಅನೇಕರಿಗೆ ತಿಳಿಯದು. ಕಾಶ್ಮೀರದಲ್ಲಿ ಶಂಕರವರ್ಮನು (ಕ್ರಿ. ಶ. 883-902) ಆಳುತ್ತಿದ್ದಾಗ ಬಾಳಿದ ಈ ಪಂಡಿತನ 'ಆಗಮಡಂಬರ'ವು ನಾಲ್ಕಂಕದ ಕೃತಿ. ಬಹುಕಾಲ ಮರೆಯಲ್ಲಿದ್ದು, 1964ರಲ್ಲಿ ವೆ. ರಾಘವನ್ ಮತ್ತು ಅನಂತಲಾಲ ಠಾಕೂರರ ಸಂಪಾದಕತ್ವದಲ್ಲಿ ದರ್ಭಾಂಗದಿಂದ ಅಚ್ಚಾಯಿತು. ಇದನ್ನು ಮತಗಳ ವಿಡಂಬನೆಯೆಂದು ಓದುವುದುಂಟು. ವಿಡಂಬನೆ ಇದರಲ್ಲಿಲ್ಲದಿಲ್ಲ, ಆದರೆ ಪ್ರಸ್ತಾವನೆಯನ್ನು ಗಮನವಿಟ್ಟು ನೋಡಿದರೆ ಇದು ಮೊದಲಿಗೆ ಗುರುಕುಲದ ಕೃತಿಯೆಂಬುದು ಸ್ಪಷ್ಟವಾಗುವುದು. ಇದನ್ನು ಆಡಬೇಕೆಂದು ಸೂತ್ರಧಾರನಿಗೆ ಅಪ್ಪಣೆ ಮಾಡಿದವರು ಅರಸನೂ ಅಲ್ಲ, ಉತ್ಸವಕ್ಕೆ ನೆರೆದ ಜನರೂ ಅಲ್ಲ, ಜಯಂತನ ಶಿಷ್ಯರು. ಭರತನ ಪದ್ಧತಿಗೆ ಹೊಂದದ ಇಂಥ ವಸ್ತುವನ್ನು ಆಡುವುದು ಹೇಗೆಂದು ಪಾಪ, ಸೂತ್ರಧಾರನು ಕಳವಳಪಡುತ್ತಾನೆ.

ಶಿಷ್ಯರು ನೋಡಬೇಕಾದ ನಾಯಕನು ಯಾರು? ಅವರಂತೆಯೇ ಓದು ಮುಗಿಸಿ ಆಗತಾನೆ ಹೊರಬಂದ ಸ್ನಾತಕ, ಮೀಮಾಂಸಕನಾದ ಸಂಕರ್ಷಣ. ವೇದವಿರೋಧಿಗಳನ್ನು ಗೆಲ್ಲಬೇಕೆಂಬ ಹುಮ್ಮಸ್ಸಿನಿಂದ ಅವನು ಬೌದ್ಧವಿಹಾರಕ್ಕೆ ಹೋಗಿ ಧರ್ಮೋತ್ತರನೊಡನೆ ಕ್ಷಣಭಂಗವಾದವನ್ನು ಕುರಿತು ವಾದಿಸುತ್ತಾನೆ. ಆ ವಾದವು ಪಾಠದಲ್ಲಿ ಕೇಳಿದುದೇ. ಆದರೆ ಭಿಕ್ಷುಗಳ ಊಟದ ಪಂಕ್ತಿ, ಅಲ್ಲಿನ ಮದ್ಯಮಾಂಸಗಳ ಗುಟ್ಟು, ಇವು ಯಾವ ವಾರ್ತಿಕದಲ್ಲಿಯೂ ಸಿಗುವಂಥವಲ್ಲ. ಎರಡನೆಯ ಅಂಕದಲ್ಲಿ ಜೈನರ ತಾಣಕ್ಕೆ ಹೋದವನ ಕಣ್ಣಿಗೆ ನೀಲಾಂಬರರ ಸ್ವೈರಾಚಾರವು ಬೀಳುತ್ತದೆ.

ನಾಟಕದ ತಿರುಳು ಮೂರನೆಯ ಅಂಕದಲ್ಲಿದೆ. ಅಷ್ಟರಲ್ಲಿ ಸಂಕರ್ಷಣನು ಅರಸನಿಂದ ಧರ್ಮರಕ್ಷಣೆಯ ಅಧಿಕಾರವನ್ನು ಪಡೆದಿರುತ್ತಾನೆ, ನೀಲಾಂಬರರು ನಿಗ್ರಹಕ್ಕೊಳಗಾಗಿರುತ್ತಾರೆ. ಆ ಸುದ್ದಿಯಿಂದ ಕಂಕಾಲಕೇತು, ಶ್ಮಶಾನಭೂತಿ ಎಂಬ ಇಬ್ಬರು ಕಾಪಾಲಿಕರು ನಡುಗುತ್ತಾರೆ. ಯಾವ ತಪ್ಪನ್ನೂ ಮಾಡದ ಶೈವತಪಸ್ವಿಗಳೂ ಕಳವಳಗೊಳ್ಳುತ್ತಾರೆ. ನಿನ್ನೆ ವಾದದಲ್ಲಿ ಗೆದ್ದವನು ಇಂದು ಧರ್ಮಶಿವನ ಆಶ್ರಮಕ್ಕೆ ತಾನಾಗಿ ಹೋಗಿ ಅಭಯ ಕೊಡಬೇಕಾಗಿ ಬಂದಿತು. ಖಂಡನಗ್ರಂಥವು ಪೂರ್ವಪಕ್ಷಿಯ ಹೇತುವಿನಲ್ಲಿರುವ ದೋಷವನ್ನು ತೋರಬಲ್ಲುದು. ಅವನ ಭಯವನ್ನು ತೋರಲಾರದು. ದೃಶ್ಯವೂ ಶ್ರವ್ಯವೂ ಆದ ರೂಪಕಕ್ಕೆ ಮಾತ್ರ ಆ ಶಕ್ತಿಯುಂಟು. ಜಯಂತನು ಶಿಷ್ಯರಿಗಾಗಿ ಶಾಸ್ತ್ರವನ್ನು ರಂಗಕ್ಕೆ ತಂದುದರ ಕಾರಣವನ್ನು ಇಲ್ಲಿಯೇ ಹುಡುಕಬೇಕು.

ಕೃಷ್ಣಮಿಶ್ರನ ಪ್ರಬೋಧಚಂದ್ರೋದಯವೂ ವೇದಾಂತದಲ್ಲಿ ರುಚಿಯಿಲ್ಲದ ಶಿಷ್ಯನೊಬ್ಬನಿಗಾಗಿ ಹುಟ್ಟಿತೆಂದು ಐತಿಹ್ಯವಿದೆ. ಚಂದೇಲ ಕೀರ್ತಿವರ್ಮನ ಕಾಲದ, ಹನ್ನೊಂದನೆಯ ಶತಮಾನದ ಆ ನಾಟಕದಲ್ಲಿ ವಿವೇಕ, ಮೋಹ ಮೊದಲಾದವೇ ಪಾತ್ರಗಳು. ಅಲ್ಲಿ ಸೋಲುವುದು ಮೋಹ. ಅದಕ್ಕೆ ಮರುಗುವ ಪ್ರೇಕ್ಷಕರಿಲ್ಲ. ಜಯಂತನದು ಇದಕ್ಕಿಂತ ಕಠಿನವಾದ ಮಾರ್ಗ. ಅವನ ಪಾತ್ರಗಳು ಮನುಷ್ಯರು.

ಕೊನೆಯ ಅಂಕದಲ್ಲಿ ವಿವಾದವು ವೈದಿಕರಿಗೂ ಪಾಂಚರಾತ್ರಿಗಳಿಗೂ ನಡುವೆ ತಲೆದೋರುತ್ತದೆ. ತೀರ್ಪು ಹೇಳುವವನು ಸಂಕರ್ಷಣನಲ್ಲ, ಧೈರ್ಯರಾಶಿಯೆಂಬ ನೈಯಾಯಿಕ. ಮಹಾಜನರ ಸಮ್ಮತಿಯುಳ್ಳ, ಹೊಸದಾಗಿ ಕಲ್ಪಿತವಲ್ಲದ, ಲೋಕವು ಬೆಚ್ಚದ ಆಗಮಗಳೆಲ್ಲವೂ ಪ್ರಮಾಣವೆಂಬುದು ಅವನ ನಿರ್ಣಯದ ಸಾರ. ಇದೇ ವಿಚಾರವು ನ್ಯಾಯಮಂಜರಿಯಲ್ಲಿಯೂ ವಿಸ್ತಾರವಾಗಿ ಬಂದಿದೆ. ನೀಲಾಂಬರರ ನಿಗ್ರಹದ ಪ್ರಸ್ತಾಪವೂ ಅಲ್ಲಿದೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವು 1969ರಲ್ಲಿಯೂ 1983ರಲ್ಲಿಯೂ ಹೊರತಂದ ಕೆ. ಎಸ್. ವರದಾಚಾರ್ಯರ ಆವೃತ್ತಿಯಿಂದ ಆ ಭಾಗವು ಕನ್ನಡನಾಡಿನ ಅಧ್ಯಾಪಕರಿಗೆ ಸುಲಭವಾಗಿ ದೊರೆಯುವಂತಾಗಿದೆ. ರೂಪಕದೊಡನೆ ಅದನ್ನು ಹೋಲಿಸಿ ಓದುವುದು ಯುಕ್ತ. ಆ ಗ್ರಂಥವನ್ನು ಜಯಂತನು ಬರೆದುದಾದರೂ ಅರಸನ ಆಜ್ಞೆಯಿಂದ ನಿರ್ಜನವಾದ ಗಹ್ವರವೊಂದರಲ್ಲಿ ಇರಬೇಕಾಗಿ ಬಂದಾಗ, ದಿನಗಳನ್ನು ಕಳೆಯುವುದಕ್ಕಾಗಿ. ಇದನ್ನು ಅವನೇ ಹೇಳಿಕೊಂಡಿದ್ದಾನೆ.